ಹೆರುವಾಗ ಯಶೋದೆ ನಿದ್ದೆಯಲ್ಲಿದ್ದಳು

ಹರಕೆ ಹೊತ್ತವಳು ನಾನಲ್ಲ, ನಮ್ಮಮ್ಮ. ನನ್ನ ಹೆರಿಗೆಯ ದಿನ ಆಪರೇಷನ್ ಥಿಯೇಟರ್ ಬಾಗಿಲು ಮುಚ್ಚಿದ ಕೂಡಲೇ ಅಲ್ಲೇ ಗೋಡೆಗೆ ಒರಗಿ ನಿಂತು, ತಾಯಿ ಮಗು ಇಬ್ಬರೂ ಕ್ಷೇಮವಾಗಿ ಹೊರಗೆ ಬಂದರೆ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಒಪ್ಪಿಸ್ತೀನಿ ಅಂದುಕೊಂಡಳಂತೆ. ನನಗೆ ಅದು ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ.

ನನಗೆ ಆಗ 39 ವಾರ. ನೋವು ಶುರುವಾಗಿ ಒಂದು ಇಡೀ ರಾತ್ರಿ ಕಳೆದಿತ್ತು. ಸಾಮಾನ್ಯವಾಗಿ ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160ರವರೆಗೆ ಇರಬೇಕು. ಆ ಮಾನಿಟರ್ ಸದ್ದು ನನಗೆ ಅಷ್ಟು ಹೊತ್ತಿಗೆ ಅಭ್ಯಾಸವಾಗಿ ಹೋಗಿತ್ತು, ಕಣ್ಣು ಮುಚ್ಚಿಕೊಂಡು ಅದನ್ನೇ ಜಪದ ಥರ ಕೇಳುತ್ತಾ ಇದ್ದೆ. ಇದ್ದಕ್ಕಿದ್ದಂತೆ ಅದು ನಿಧಾನವಾಯಿತು. ಮತ್ತೆ ಮೇಲೇರಲಿಲ್ಲ. ತಕ್ಷಣ ಸಿಸೇರಿಯನ್ ಆಗಬೇಕು, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕಾಯುವಷ್ಟು ಸಮಯ ಇಲ್ಲ, ಪೂರ್ತಿ ಅರಿವಳಿಕೆ ಕೊಡ್ತೀವಿ ಅಂದರು. ಮುಖಕ್ಕೆ ಮಾಸ್ಕ್ ಇಟ್ಟರು. "ಕೃಷ್ಣಾ" ಅಂತ ಪೂರ್ತಿ ಹೇಳಿದೆನೋ ಅರ್ಧಕ್ಕೇ ನಿಂತಿತೋ ನೆನಪಿಲ್ಲ.

ಕಣ್ಣು ಬಿಟ್ಟಾಗ ಎಲ್ಲ ಮುಗಿದಿತ್ತು. ಹೆಣ್ಣುಮಗು, ಚೆನ್ನಾಗಿದ್ದಾಳೆ ಅಂತ ಯಾರೋ ಹೇಳಿದರು. ಬಾಯಿ ಒಣಗಿತ್ತು, ಹೊಟ್ಟೆ ಉರಿಯುತ್ತಿತ್ತು. ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಪುಟ್ಟ ಮುಖ. ಖುಷಿಯಾಗಲಿಲ್ಲವೇ ಅಂದರೆ ಆಯಿತು. ಆದರೆ ಅದರ ಅಡಿಯಲ್ಲೇ ಒಂದು ಸಂಕಟ ಬಂದು ಕೂತಿತು, ತಿಂಗಳುಗಟ್ಟಲೆ ಹೋಗಲಿಲ್ಲ. ನನ್ನ ಮಗಳು ಹುಟ್ಟಿದ್ದನ್ನು ನಾನು ನೋಡಲಿಲ್ಲ. ಮೊದಲ ಅಳು ಕೇಳಲಿಲ್ಲ. ಒಂಬತ್ತು ತಿಂಗಳು ಒಳಗೇ ಇಟ್ಟುಕೊಂಡಿದ್ದವಳು, ಅವಳು ಬಂದ ಹೊತ್ತಿಗೆ ನಾನೇ ಇರಲಿಲ್ಲ! "ಮಗು ಅತ್ತಾಗ ಹೇಗನ್ನಿಸಿತು?" ಅಂತ ಬಂದವರು ಪ್ರೀತಿಯಿಂದಲೇ ಕೇಳುತ್ತಿದ್ದರು. ನಾನು ಸುಮ್ನೆ ನಗುತ್ತಿದ್ದೆ.

ಕೃಷ್ಣಾಷ್ಟಮಿ ದಿನ ಉಪವಾಸವಿದ್ದು, ಮಗಳನ್ನು ತೊಡೆ ಮೇಲೆ ಮಲಗಿಸಿಕೊಂಡು ಭಾಗವತ ತೆಗೆದೆ. 10ನೇ ಸ್ಕಂಧ, 3ನೇ ಅಧ್ಯಾಯ. ಸೆರೆಮನೆ, ದೇವಕಿ, ದಾರಿ ಬಿಟ್ಟ ಯಮುನೆ, ಎಲ್ಲ ಚಿಕ್ಕಂದಿನಿಂದ ಕೇಳಿದ್ದೇ. ಆದರೆ ಆ ಅಧ್ಯಾಯದ ಕೊನೇ ಶ್ಲೋಕದ ಮುಂದೆ ನಾನು ಯಾವತ್ತೂ ನಿಂತಿರಲಿಲ್ಲ. ಯಶೋದೆಗೆ ಮಗು ಹುಟ್ಟಿತು ಅನ್ನೋದು ಗೊತ್ತಾಯಿತು, ಆದರೆ ಅದು ಗಂಡೋ ಹೆಣ್ಣೋ ತಿಳಿಯಲಿಲ್ಲ, ಅಷ್ಟು ದಣಿದಿದ್ದಳು, ನಿದ್ದೆ ಅವಳ ನೆನಪನ್ನೇ ತೆಗೆದುಕೊಂಡು ಹೋಗಿತ್ತು ಅಂತ ಅಲ್ಲಿದೆ.

ಓದಿ ಅತ್ತುಬಿಟ್ಟೆ. ಯಶೋದೆಯೂ ನೋಡಲಿಲ್ಲ ಅಲ್ವಾ! ಅವಳು ಮಲಗಿದ್ದಾಗಲೇ ವಸುದೇವ ಬಂದು, ಕೃಷ್ಣನನ್ನು ಅವಳ ಪಕ್ಕ ಮಲಗಿಸಿ, ಅವಳ ಹೆಣ್ಣುಮಗುವನ್ನು ಎತ್ತಿಕೊಂಡು ಹೋದ. ಕಣ್ಣಾರೆ ಕಂಡವಳು ದೇವಕಿ. ಶಂಖ ಚಕ್ರ ಹಿಡಿದ ರೂಪವನ್ನೇ ಕಂಡಳು. ಪಾಪ, ಆ ರಾತ್ರಿಯೇ ಮಗುವನ್ನು ಕೊಟ್ಟೂ ಬಿಟ್ಟಳು. ಹುಟ್ಟಿದ ಗಳಿಗೆ ಒಬ್ಬಳದಾಯಿತು, ಆಮೇಲಿನ ಹಾಲು, ಲಾಲಿ, ಒರಳಿಗೆ ಕಟ್ಟಿದ ಹಗ್ಗ ಎಲ್ಲ ಇನ್ನೊಬ್ಬಳದು. ಇಬ್ಬರಲ್ಲಿ ಯಾರು ಕಡಿಮೆ ತಾಯಿ ಅಂತ ಯಾರಾದರೂ ಕೇಳಿದ್ದಾರಾ? ನನ್ನನ್ನು ನಾನು ಮಾತ್ರ ಅಷ್ಟು ದಿನ ಅದನ್ನೇ ಕೇಳಿಕೊಳ್ಳುತ್ತಿದ್ದೆ.

ಮಗಳಿಗೆ 8 ತಿಂಗಳು ತುಂಬಿದ ಮೇಲೆ ದೊಡ್ಡಮಳೂರಿಗೆ ಹೋದೆವು. ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ ಚನ್ನಪಟ್ಟಣ ದಾಟಿದರೆ ಸಿಗುತ್ತದೆ. ಮೂಲದೇವರು ಅಪ್ರಮೇಯಸ್ವಾಮಿ. ಅಳತೆಗೆ ಸಿಗದವನು ಅಂತ ಆ ಹೆಸರಿನ ಅರ್ಥ. ಅದೇ ಪ್ರಾಕಾರದಲ್ಲಿ ನವನೀತ ಕೃಷ್ಣ, ಕೈಯಲ್ಲಿ ಬೆಣ್ಣೆ ಮುದ್ದೆ ಹಿಡಿದು ಅಂಬೆಗಾಲಿಕ್ಕುತ್ತಿದ್ದಾನೆ. ಅಳತೆಗೆ ಸಿಗದವನನ್ನು ಎರಡು ತೋಳೊಳಗೆ ಹಿಡಿದವಳು ಯಶೋದೆ. ಅದನ್ನು ಕಂಡೇ ಪುರಂದರದಾಸರು, ಜಗತ್ತನ್ನು ಉದ್ಧರಿಸುವವನನ್ನೇ ಯಶೋದೆ ಆಡಿಸಿದಳಲ್ಲ ಅಂತ ಇಲ್ಲಿ ಹಾಡಿದರು ಅನ್ನೋದು ಪ್ರತೀತಿ.

ಸುತ್ತ ಪುಟ್ಟ ಪುಟ್ಟ ತೊಟ್ಟಿಲುಗಳು. ಮಗು ಬೇಕು ಅಂತ ಬಂದವರದು, ಮಗು ಬಂತು ಅಂತ ಬಂದವರದು. ಯಾವುದು ಯಾವುದೆಂದು ನೋಡಿದರೆ ಗೊತ್ತಾಗುವುದಿಲ್ಲ. ನನ್ನ ಪಕ್ಕದಲ್ಲೇ ಒಬ್ಬ ಹೆಂಗಸು ಬರಿಗೈಲಿ ನಿಂತು ಕಣ್ಣು ಮುಚ್ಚಿದ್ದರು. ಅವರಿಗೂ ಕೊಡಪ್ಪ ಅಂದೆ. ನನ್ನದೇನೂ ಕೇಳಲು ಉಳಿದಿರಲಿಲ್ಲ.

ಅಮ್ಮ ತೊಟ್ಟಿಲು ಒಪ್ಪಿಸಿದಳು. ಹೊರಗೆ ಬಂದು ಮಗಳನ್ನು ಕಲ್ಲುಹಾಸಿನ ಮೇಲೆ ಬಿಟ್ಟೆ. ಆಗಷ್ಟೇ ಅಂಬೆಗಾಲು ಕಲಿತಿದ್ದಳು, ಎರಡು ಹೆಜ್ಜೆ ಹೋಗುತ್ತಾಳೆ, ಕೂತು ತಿರುಗಿ ನನ್ನನ್ನು ನೋಡುತ್ತಾಳೆ, ಮತ್ತೆ ಹೋಗುತ್ತಾಳೆ. ಅಷ್ಟು ತಿಂಗಳು ಕೇಳಲಾಗದ್ದನ್ನು ಆಗ ಅಮ್ಮನನ್ನು ಕೇಳಿದೆ.

"ಅಮ್ಮ, ಅವತ್ತು ಇವಳು ಅತ್ತಿದ್ದು ನಿನಗೆ ಕೇಳಿಸ್ತಾ?"

"ಇಲ್ಲ ಕಣೇ. ಬಾಗಿಲು ಮುಚ್ಚಿತ್ತಲ್ಲ. ಹೊರಗೆ ತಂದು ನನ್ನ ಕೈಗೆ ಕೊಟ್ಟಾಗ ಅಳ್ತಾನೇ ಇರಲಿಲ್ಲ. ಕಣ್ಣು ಬಿಟ್ಕೊಂಡು ಸುತ್ತ ನೋಡ್ತಿದ್ದಳು. ನಿಮ್ಮಮ್ಮ ಮಲಗಿದ್ದಾಳೆ, ಏಳ್ತಾಳೆ ಇರು ಅಂದೆ."