ಆಲೆಮನೆ ಗಾಣಕ್ಕೆ ಕೈ ಹಾಕುವ ಮುನ್ನ

ಮಂಡ್ಯ ಕಡೆಯ ಆಲೆಮನೆಗಳಲ್ಲಿ ಗಾಣದ ಮೋಟಾರಿಗೆ ಆಟೋ ಸ್ಟಾರ್ಟರ್ ಇದ್ದರೆ ಮೊದಲು ಅದನ್ನೇ ಅನುಮಾನಿಸಿ. ಕರೆಂಟ್ ಹೋಗಿದೆ ಅಂತ ರೋಲರ್‌ಗೆ ಸಿಕ್ಕಿದ ಸಿಪ್ಪೆ ಕೀಳುತ್ತಿರುವಾಗಲೇ ತ್ರೀ ಫೇಸ್ ಬಂದರೆ ಗಾಣ ತಾನಾಗಿ ತಿರುಗುತ್ತದೆ. ಸ್ಟಾಪ್ ಬಟನ್ ಒತ್ತಿದರೂ ಸಾಲದು, ಸ್ಟಾರ್ಟರ್‌ವರೆಗಿನ ಲೈನಿನಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸ್ ಕಿತ್ತು ಕೆಲಸ ಮಾಡುವವರೇ ಜೇಬಿನಲ್ಲಿಟ್ಟುಕೊಳ್ಳಲಿ. ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯೂ ಅವರ ಹತ್ತಿರವೇ ಇರಲಿ. ಟೆಸ್ಟರ್ ದೀಪ ಹತ್ತಲಿಲ್ಲ ಅಂತ ನಂಬಬೇಡಿ. ಒಣ ಹಲಗೆಯ ಮೇಲೆ ನಿಂತಿದ್ದರೆ, ಬಿಸಿಲಿದ್ದರೆ ಅದು ಮೋಸ ಮಾಡುತ್ತದೆ. ಮಲ್ಟಿಮೀಟರನ್ನು ಮೊದಲು ಕರೆಂಟ್ ಇರುವ ಕಡೆ ಹಿಡಿದು ಸರಿಯಿದೆಯೇ ನೋಡಿ. ನಂತರ ಫೇಸ್‌ನಿಂದ ಫೇಸ್‌ಗೆ, ಫೇಸ್‌ನಿಂದ ಅರ್ತ್‌ಗೆ ಅಳೆಯಿರಿ. ಬಲ್ಬ್ ಹಿಡಿದು ನೋಡುವ ಅಭ್ಯಾಸ ಬಿಟ್ಟರೆ ಒಳ್ಳೆಯದು: ಎರಡು ಫೇಸ್ ನಡುವೆ 415 ವೋಲ್ಟ್, 230 ವೋಲ್ಟಿನ ಒಂಟಿ ಬಲ್ಬ್ ಕೈಯಲ್ಲೇ ಸಿಡಿಯಬಹುದು. ಕೆಪಾಸಿಟರ್ ಇದ್ದರೆ, ಲೈನ್ ತೆಗೆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು; 5 ನಿಮಿಷ ಬಿಟ್ಟು ಅದರ ಟರ್ಮಿನಲ್‌ಗಳನ್ನೂ ಅಳೆಯಿರಿ.

ಇನ್ನು ಗಾಣ. ಚಕ್ರ ಪೂರ್ತಿ ನಿಂತ ಮೇಲೆ ಬೆಲ್ಟ್ ಕಳಚಿ, ಗೇರ್ ಹಲ್ಲಿಗೆ ಮರದ ಬೆಣೆ ಕೊಡಿ. ಬಿಗಿದ ಕಬ್ಬು ಸಡಿಲಾದಾಗ ರೋಲರ್ ಹಿಂದಕ್ಕೂ ಉರುಳಬಹುದು. ಸಿಪ್ಪೆಯನ್ನು ಕೊಕ್ಕೆಯಿಂದಲೇ ಎಳೆಯಿರಿ. ಹೆಗಲ ಟವೆಲ್, ಜೋತಾಡುವ ಸೆರಗು ಹತ್ತಿರ ಬೇಡ.

ಬೆಣೆ ತೆಗೆದು, ಬೆಲ್ಟಿನ ಜಾಲರಿ ಹಾಕಿ, ಎಲ್ಲರೂ ದೂರ ಸರಿದ ಮೇಲಷ್ಟೇ ಫ್ಯೂಸ್ ಹಾಕಿ.