ಐದು ಬಟ್ಟಲಲ್ಲಿ ಒಂದು

ನಾನು ಕೂಡ್ಲೂರಿನ ಒಂದು ಕಾಫಿ ಕ್ಯೂರಿಂಗ್ ಕಂಪನಿಯಲ್ಲಿ, ಅಂದರೆ ಬೆಳೆಗಾರರು ತಂದ ಕಾಫಿಯ ಹೊಟ್ಟು ತೆಗೆದು ಕಾಳು ವಿಂಗಡಿಸುವ ಕಡೆ, ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಒಳ್ಳೆಯ ಕಂಪನಿ. ತೂಕದಲ್ಲಿ ಮೋಸ ಇಲ್ಲ, ಬೆಳೆಗಾರರಿಗೆ ದುಡ್ಡು ಹೇಳಿದ ದಿನಕ್ಕೆ ಸಿಗುತ್ತದೆ, ಕೆಟ್ಟ ಕಾಳು ಹೆಕ್ಕಿ ತೆಗೆಯುವ ಹೆಂಗಸರಿಗೆ ಸಂಬಳ ತಡವಾದದ್ದಿಲ್ಲ. ಇಂಥ ಕಡೆ ಏನಾದರೂ ಬದಲಿಸುವುದು ಜಾಸ್ತಿ ಕಷ್ಟ. ಎಲ್ಲಾ ಸರಿ ಇದೆಯಲ್ಲ, ಇನ್ನೇನು ಬೇಕು ಅಂತ ಕೇಳುತ್ತಾರೆ.

ಎರಡು ವರ್ಷದ ಹಿಂದೆ ಖರೀದಿದಾರರೊಬ್ಬರು ನಮ್ಮ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಕಾಫಿ) ಸ್ಯಾಂಪಲ್ ಬೇಡ ಅಂದರು. ಕಾಳು ನೋಡಲು ಚೆಂದವಿತ್ತು, ತೇವಾಂಶ ಸರಿಯಾಗಿ ಶೇಕಡಾ 10 ಇತ್ತು. ಆದರೆ ಸ್ಪೆಷಾಲಿಟಿ, ಅಂದರೆ ಮೇಲ್ದರ್ಜೆಯ ಕಾಫಿ, ಅನ್ನಿಸಿಕೊಳ್ಳಲು ರುಚಿಗೆ 100ಕ್ಕೆ 80 ಬರಬೇಕು. ಬರಲಿಲ್ಲ. ಓನರ್ ಬಣ್ಣ ನೋಡಿ ಕೆಟ್ಟ ಕಾಳು ಬೇರೆ ಮಾಡುವ ಕಲರ್ ಸಾರ್ಟರ್ ಮಷಿನ್ ಇನ್ನೊಂದು ತರಿಸೋಣ ಅಂದರು. ಒಂದು ವಾರ ತಡೆಯಿರಿ ಸರ್ ಅಂದೆ.

ಅದೇ ಲಾಟಿನ ಕಾಫಿ ಹುರಿದು, ಐದು ಬಟ್ಟಲಿಗೆ ಎಂಟೆಂಟು ಗ್ರಾಂ ಪುಡಿ ಹಾಕಿ ಬಿಸಿನೀರು ಸುರಿದೆ. ಹೆಕ್ಕುವ ಹೆಂಗಸರನ್ನೂ ಕರೆದೆ. ವರ್ಷಗಟ್ಟಲೆ ಈ ಕಾಳು ಮುಟ್ಟಿದವರು, ಒಂದು ಸಲವೂ ಇದರ ರುಚಿ ನೋಡಿರಲಿಲ್ಲ. ಇದು ನನಗೆ ಈಗಲೂ ನೋವಿನ ಮಾತು. ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಪುಡಿಯ ಪದರ ಚಮಚದಲ್ಲಿ ಒಡೆದೆವು. ಎಲ್ಲರಿಗಿಂತ ಹಿರಿಯ ಅಕ್ಕ ಮೂರನೆಯ ಬಟ್ಟಲ ಹತ್ತಿರ ನಿಂತುಬಿಟ್ಟರು.

"ಇದರಲ್ಲಿ ಕೊಳೆತ ಹಲಸಿನ ವಾಸನೆ ಬರ್ತಿದೆ, ಅಲ್ವಾ ಮೇಡಂ?"

ಬರುತ್ತಿತ್ತು. ಉಳಿದ ನಾಲ್ಕರಲ್ಲಿ ಇಲ್ಲ. ಐದರಲ್ಲಿ ಒಂದೇ ಕೆಟ್ಟಿದೆ ಅಂದರೆ ಇಡೀ ಲಾಟು ಕೆಟ್ಟಿಲ್ಲ, ಎಲ್ಲೋ ಒಂದೆರಡು ಕಾಳು ಜಾಸ್ತಿ ಹುಳಿತು ಸೇರಿಕೊಂಡಿವೆ. ಅಂಥ ಕಾಳು ಎಷ್ಟೋ ಸಲ ಒಳ್ಳೆಯ ಕಾಳಿನ ಹಾಗೆಯೇ ಕಾಣುತ್ತದೆ. ಮಷಿನ್ ಬಣ್ಣ ನೋಡುತ್ತದೆ, ವಾಸನೆ ನೋಡುವುದಿಲ್ಲ.

ಅಲ್ಲಿಯವರೆಗೆ ಇಂಥ ಲಾಟು ಬಂದರೆ ರೇಟು ಇಳಿಸಿ ಸುಮ್ನೆ ಇರುತ್ತಿದ್ದೆವು. ಬೆಳೆಗಾರರಿಗೆ ರೇಟು ಗೊತ್ತಾಗುತ್ತಿತ್ತು, ಕಾರಣ ಗೊತ್ತಾಗುತ್ತಿರಲಿಲ್ಲ. ಆ ಸಲ ಆ ಲಾಟು ಕೊಟ್ಟ ಸುಂಟಿಕೊಪ್ಪ ಕಡೆಯ ಬೆಳೆಗಾರರನ್ನು ಕರೆದು ಅದೇ ಬಟ್ಟಲು ಕೊಟ್ಟೆ. ಕುಡಿದರು. "ಇದು ನನ್ನ ತೋಟದ್ದಾ?" ಅಂತ ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಂತರ "ಬನ್ನಿ, ಈಗಲೇ ನೋಡೋಣ" ಅಂದರು.

ತೋಟಕ್ಕೆ ಹೋಗಿ, ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮಷಿನ್ ಬಿಚ್ಚಿದೆವು. ಒಳಗೆ ನಾಲ್ಕಾರು ಹಳೇ ಕಾಳು ಸಿಕ್ಕಿಕೊಂಡಿದ್ದವು. ಪಕ್ಕದಲ್ಲಿ ಕಾಳು ಹುಳಿಸುವ ತೊಟ್ಟಿಯ ಮೂಲೆಯಲ್ಲಿ ಸಿಮೆಂಟ್ ಬಿರುಕು ಬಿಟ್ಟಿತ್ತು. ಟಾರ್ಚ್ ಹಾಕಿ ಬೆರಳಿಂದ ಕೆರೆದೆ. ಲೋಳೆ ಹಿಡಿದ ಕಾಳು ಬಂತು, ಅದೇ ಹಲಸಿನ ವಾಸನೆ. ದಿನಾ ತೊಳೆಯುತ್ತಿದ್ದರು, ಆ ಬಿರುಕು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಿಂದಿನ ದಿನದ ಕಾಳು ಹೊಸ ಕಾಳಿನ ಜೊತೆ ಹೋಗುತ್ತಿತ್ತು.

ಮೇಸ್ತ್ರಿ ಬಂದು ಬಿರುಕು ಮುಚ್ಚಿದ್ದು ಅರ್ಧ ದಿನದ ಕೆಲಸ.

ಓನರ್ ಹೊಸ ಮಷಿನ್ ತರಿಸಲಿಲ್ಲ. ಈಗ ಪ್ರತಿ ಶನಿವಾರ ಬೆಳೆಗಾರರು ಬಂದು ತಮ್ಮ ಕಾಫಿ ತಾವೇ ಕುಡಿದು ನೋಡುತ್ತಾರೆ. ಮೂಸಿ ಹೇಳಲು ಅಕ್ಕನೂ ಟೇಬಲ್ ಹತ್ತಿರ ಇರುತ್ತಾರೆ, ಅದಕ್ಕೆ ಅವರ ಸಂಬಳವೂ ಹೆಚ್ಚಾಯಿತು. ಈ ಜನವರಿಯಲ್ಲಿ ಸುಂಟಿಕೊಪ್ಪದ ಆ ತೋಟದ ಹೊಸ ಲಾಟು ಬಂತು. ಅಕ್ಕ ಐದೂ ಬಟ್ಟಲು ಮೂಸಿದರು, ಮೂರನೆಯದನ್ನು ಇನ್ನೊಮ್ಮೆ ಮೂಸಿದರು. ಆಮೇಲೆ ಚಮಚ ತೊಳೆದಿಟ್ಟು, ಆ ಬಟ್ಟಲನ್ನೇ ಎತ್ತಿಕೊಂಡು ಪೂರ್ತಿ ಕುಡಿದರು.