ಲ್ಯಾಂಬ್ಡಾದ ಸುತ್ತ ಒಂದು ವೃತ್ತ

ವಿದೇಶದ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ಓದಿಗೆ ಸೇರಿದ ಏಳನೆಯ ವಾರ, ಮೊದಲ ಮಿಡ್‌ಟರ್ಮ್ ಪರೀಕ್ಷೆಯ ಉತ್ತರಪತ್ರಿಕೆ ನನ್ನ ಕೈಗೆ ಬಂತು. ಮೂರನೆಯ ಪ್ರಶ್ನೆಯ ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಆದರೂ ಅದಕ್ಕಿದ್ದ 20 ಅಂಕಗಳಲ್ಲಿ ಸಿಕ್ಕಿದ್ದು 10 ಮಾತ್ರ. ನಾನು ಎರಡು ಗೆರೆ ಎಳೆದು ಮುಗಿಸಿದ್ದ ‘ಲ್ಯಾಂಬ್ಡಾ = 5’ ಎಂಬ ಕೊನೆಯ ಸಾಲಿನ ಸುತ್ತ ಪೆನ್ಸಿಲಿನ ಒಂದು ವೃತ್ತವಿತ್ತು, ಪಕ್ಕದಲ್ಲಿ ‘ಹಾಗೆಂದರೇನು?’ ಎಂಬ ಪ್ರಶ್ನೆಯಿತ್ತು.

ಲೆಕ್ಕ ಸರಳವಾದದ್ದೇ. ಒಬ್ಬ ಗ್ರಾಹಕನ ಆದಾಯ 100, ಎರಡು ಸರಕುಗಳ ಬೆಲೆ 2 ಮತ್ತು 5, ಅವನ ತುಷ್ಟಿಗುಣವೆಂದರೆ, ಅಂದರೆ ಸರಕುಗಳಿಂದ ಅವನಿಗೆ ಸಿಗುವ ತೃಪ್ತಿಯ ಅಳತೆಯೆಂದರೆ, ಆ ಎರಡು ಸರಕುಗಳ ಪ್ರಮಾಣಗಳ ಗುಣಲಬ್ಧ. ಆದಾಯದ ಮಿತಿಯೊಳಗೆ ತುಷ್ಟಿಗುಣವನ್ನು ಗರಿಷ್ಠಗೊಳಿಸಲು ಮಿತಿಯನ್ನು ಒಂದು ಗುಣಕದೊಂದಿಗೆ ಲೆಕ್ಕಕ್ಕೆ ಸೇರಿಸುವ ಲ್ಯಾಗ್ರಾಂಜ್ ವಿಧಾನವನ್ನು ಬಳಸಿದರೆ ಮೊದಲ ಸರಕು 25, ಎರಡನೆಯದು 10, ಗುಣಕವಾದ ಲ್ಯಾಂಬ್ಡಾ 5. ಇಷ್ಟನ್ನು ನಾನು ಹತ್ತು ನಿಮಿಷಗಳಲ್ಲಿ ಮಾಡಿ ಮುಗಿಸಿದ್ದೆ. ‘ಗುಣಕದ ಅರ್ಥವನ್ನು ಎರಡು ವಾಕ್ಯಗಳಲ್ಲಿ ವಿವರಿಸಿ’ ಎಂಬ ಪ್ರಶ್ನೆಯ ಉಳಿದ ಭಾಗವನ್ನು ಓದಿಯೂ ಮುಟ್ಟದೆ ಬಿಟ್ಟಿದ್ದೆ.

ಅದೇಕೆ ಬಿಟ್ಟೆ ಎಂಬುದನ್ನು ಆಮೇಲೆ ಬಹಳ ಯೋಚಿಸಿದ್ದೇನೆ. ಪರಭಾಷೆಯ ತರಗತಿಯಲ್ಲಿ ಕುಳಿತ ವಿದ್ಯಾರ್ಥಿಗೆ ಸಮೀಕರಣ ಒಂದು ಆಸರೆ. ಉಪನ್ಯಾಸದಲ್ಲಿ ಅರ್ಧ ವಾಕ್ಯ ಕಿವಿ ತಪ್ಪಿದರೂ ಹಲಗೆಯ ಮೇಲಿನ ಚಿಹ್ನೆ ತಪ್ಪುವುದಿಲ್ಲ. ಚರ್ಚೆಯಲ್ಲಿ ಮಾತಾಡಲು ವಾಕ್ಯ ಹೊಂದಿಸಿಕೊಳ್ಳುವಷ್ಟರಲ್ಲಿ ಮಾತು ಮುಂದಕ್ಕೆ ಹೋಗಿರುತ್ತದೆ, ಆದರೆ ಅವಕಲನ ಮಾಡಲು ಯಾರ ಉಚ್ಚಾರಣೆಯೂ ಅಡ್ಡಬರುವುದಿಲ್ಲ. ಹೀಗಾಗಿ ಆ ಏಳು ವಾರ ನಾನು ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಲೆಕ್ಕ ಬಂದರೆ ವಿಷಯ ಬಂದಂತೆ ಎಂದು ನಿಜವಾಗಿಯೂ ನಂಬಿದ್ದೆ. ಆ ನಂಬಿಕೆಯ ಅಡಿಯಲ್ಲಿದ್ದದ್ದು ಭಯ ಎಂದು ತಿಳಿದದ್ದು ಆ ವೃತ್ತವನ್ನು ನೋಡಿದ ಮೇಲೆ.

ಅಂಕ ಕೇಳಲೆಂದೇ ಪ್ರಾಧ್ಯಾಪಕರ ಆಫೀಸ್ ಅವರ್ಸ್‌ಗೆ, ಅಂದರೆ ವಿದ್ಯಾರ್ಥಿಗಳ ಭೇಟಿಗೆಂದು ಅವರು ಮೀಸಲಿಟ್ಟ ಹೊತ್ತಿಗೆ ಹೋದೆ. ಅವರು ಅಂಕದ ಮಾತೆತ್ತಲಿಲ್ಲ. ಒಂದು ಖಾಲಿ ಹಾಳೆಯನ್ನು ನನ್ನತ್ತ ಸರಿಸಿ, ಆದಾಯವನ್ನು 101 ಮಾಡಿಕೊಂಡು ಮತ್ತೆ ಲೆಕ್ಕ ಹಾಕಲು ಹೇಳಿದರು. ಮೊದಲ ಸರಕು 25.25, ಎರಡನೆಯದು 10.1 ಬಂತು, ಗುಣಿಸಿದರೆ 255.025. ಮೊದಲಿನ ತುಷ್ಟಿಗುಣ 250. ‘ಎಷ್ಟು ಹೆಚ್ಚಾಯಿತು?’ ಎಂದು ಕೇಳಿದರು. 5.025 ಎಂದು ಹೇಳುವಾಗಲೇ ನನ್ನ ಕಣ್ಣು ಉತ್ತರಪತ್ರಿಕೆಯ ವೃತ್ತದೊಳಗಿನ 5ರ ಮೇಲೆ ನಿಂತಿತು. ಮಿತಿಯನ್ನು ಒಂದು ಘಟಕದಷ್ಟು ಸಡಿಲಿಸಿದರೆ ಸಿಗುವ ಲಾಭ ಎಷ್ಟೆಂದು ಲ್ಯಾಂಬ್ಡಾ ಹೇಳುತ್ತದೆ; ಆ ಹೆಚ್ಚುವರಿ 0.025 ಉಳಿದದ್ದು, ಗುಣಕವು ಆ ಬಿಂದುವಿನಲ್ಲಿರುವ ದರವಾದ್ದರಿಂದ ಮತ್ತು ನಾವು ಪೂರ್ತಿ ಒಂದು ಹೆಜ್ಜೆ ಇಟ್ಟಿದ್ದರಿಂದ. ಅದನ್ನು ನೆರಳು ಬೆಲೆ ಎನ್ನುತ್ತಾರೆ. ಆ ಪದ ಪಠ್ಯಪುಸ್ತಕದಲ್ಲಿತ್ತು, ನಾನು ಅದಕ್ಕೆ ಅಡಿಗೆರೆಯನ್ನೂ ಹಾಕಿದ್ದೆ.

‘ಈಗ ಇದನ್ನೇ ಮಾತಿನಲ್ಲಿ ಹೇಳಿ, ವ್ಯಾಕರಣದ ಚಿಂತೆ ಬೇಡ’ ಎಂದರು. ತಡವರಿಸುತ್ತಲೇ ಹೇಳಿದೆ. ಅವರು ಮಧ್ಯೆ ಬಾಯಿ ಹಾಕದೆ, ನನ್ನ ವಾಕ್ಯ ಮುಗಿಯುವವರೆಗೂ ಕಾದರು. ಆ ಕಾಯುವಿಕೆಗೆ ನಾನು ಇಂದಿಗೂ ಋಣಿ.

ಆ ವಾರವೆಲ್ಲ ನೆರಳು ಬೆಲೆಯೇ ತಲೆಯಲ್ಲಿ ಕುಳಿತಿತ್ತು. ‘ಇಷ್ಟನ್ನು ಮೀರಬಾರದು’ ಎಂಬ ಅಸಮಾನತೆಯ ರೂಪದ ಮಿತಿಗಳಿಗೆ ಅನ್ವಯಿಸುವ ನಿಯಮಗಳನ್ನು ಗಣಿತಜ್ಞರಾದ ಕುನ್ ಮತ್ತು ಟಕ್ಕರ್ 1951ರಲ್ಲಿ ಪ್ರಕಟಿಸಿದರು. ಅವನ್ನೇ ವಿಲಿಯಂ ಕರುಷ್ 1939ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ಕಂಡುಕೊಂಡಿದ್ದರು ಎಂಬುದು ಬಹಳ ಕಾಲದ ನಂತರ ಎಲ್ಲರ ಗಮನಕ್ಕೆ ಬಂತು. ನಮ್ಮಂತೆಯೇ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರ ಕೆಲಸವದು ಎಂದು ಓದಿದಾಗ ಮನಸ್ಸಿಗೆ ಏನೋ ಒಂದು ಬಲ ಬಂದಂತಾಯಿತು. ಆ ನಿಯಮಗಳಲ್ಲೊಂದರ ಪ್ರಕಾರ, ಕಟ್ಟಿಹಾಕದ ಮಿತಿಯ ನೆರಳು ಬೆಲೆ ಸೊನ್ನೆ. ವಿದ್ಯಾರ್ಥಿ ವೀಸಾದ ಮೇಲೆ ಬಂದವರಿಗೆ ವಾರದಲ್ಲಿ ಇಂತಿಷ್ಟೇ ಗಂಟೆ ದುಡಿಯಬಹುದೆಂಬ ಷರತ್ತು ಇರುತ್ತದೆ, ಅದನ್ನು ನಾವೆಲ್ಲ ದೂರುತ್ತಿದ್ದೆವು. ಆದರೆ ಪಾಠದ ಭಾರ ಹೆಚ್ಚಿದ್ದ ವಾರಗಳಲ್ಲಿ ನಾನು ಆ ಗಂಟೆಗಳನ್ನು ಮುಟ್ಟುತ್ತಲೇ ಇರಲಿಲ್ಲ; ಆಗ ಆ ಷರತ್ತನ್ನು ಸಡಿಲಿಸಿದ್ದರೂ ನನಗೆ ಸಿಗುತ್ತಿದ್ದುದು ಏನೂ ಇಲ್ಲ. ನನ್ನನ್ನು ನಿಜವಾಗಿ ಬಿಗಿದಿದ್ದ ಮಿತಿ ಓದಿನ ಹೊತ್ತು. ಪರಭಾಷೆಯಲ್ಲಿ ಒಂದು ಪ್ರಬಂಧ ಓದಲು ಇತರರಿಗಿಂತ ಎರಡರಷ್ಟು ಸಮಯ ತೆಗೆದುಕೊಳ್ಳುತ್ತಿದ್ದವನಿಗೆ ಒಂದು ಗಂಟೆಯ ಬೆಲೆ ಎಷ್ಟೆಂದು ಅಂದಾಜು ಮಾಡುವಷ್ಟು ಅರ್ಥಶಾಸ್ತ್ರ ಈಗ ಬಂದಿತ್ತು.

ಮುಂದಿನ ತರಗತಿಯಲ್ಲಿ ಕೈ ಎತ್ತಿದೆ. ತುಷ್ಟಿಗುಣದ ಸೂತ್ರವನ್ನು 2ರಿಂದ ಗುಣಿಸಿದರೆ 25 ಮತ್ತು 10 ಹಾಗೆಯೇ ಉಳಿಯುತ್ತವೆ, ಲ್ಯಾಂಬ್ಡಾ ಮಾತ್ರ 10 ಆಗುತ್ತದೆ. ಹಾಗಿದ್ದರೆ ಆ 5ಕ್ಕೆ ಅರ್ಥವಿತ್ತೆ ಎಂದು ಕೇಳಿದೆ. ವಾಕ್ಯ ಎರಡು ಕಡೆ ಮುರಿಯಿತು, ಆದರೆ ಪ್ರಶ್ನೆ ತಲುಪಿತು. ಪ್ರಾಧ್ಯಾಪಕರು ಅಂದಿನ ಪಾಠವನ್ನು ಬದಿಗಿಟ್ಟು ಅರ್ಥಶಾಸ್ತ್ರಜ್ಞರಾದ ಹಿಕ್ಸ್ ಮತ್ತು ಅಲೆನ್ 1934ರಲ್ಲಿ ಮಂಡಿಸಿದ ವಾದಕ್ಕೆ ಬಂದರು: ತುಷ್ಟಿಯನ್ನು ಅಳೆಯಬೇಕಿಲ್ಲ, ಒಂದು ಸರಕಿಗಾಗಿ ಇನ್ನೊಂದನ್ನು ಎಷ್ಟು ಬಿಟ್ಟುಕೊಡುತ್ತೇವೆ ಎಂಬ ಅನುಪಾತ ಸಾಕು. ಅನುಪಾತ ತೆಗೆಯುವಾಗ ಲ್ಯಾಂಬ್ಡಾ ಮೇಲೂ ಕೆಳಗೂ ಹೊಡೆದುಹೋಗುತ್ತದೆ, ಅದರೊಂದಿಗೆ ನಾನು ಸೇರಿಸಿದ 2 ಕೂಡ. ಆ ಅನುಪಾತಕ್ಕಾಗಿ ಹಲಗೆಯ ಮೇಲೆ ಎರಡನೆಯ ಸರಕಿನ 10ನ್ನು ಮೊದಲನೆಯದರ 25ರಿಂದ ಭಾಗಿಸಿದರು, 0.4. ಬೆಲೆಗಳ ಅನುಪಾತವಾದ 2ನ್ನು 5ರಿಂದ ಭಾಗಿಸಿದರು; ಮತ್ತೆ 0.4. ಆಮೇಲೆ ಸೀಮೆಸುಣ್ಣವನ್ನು ನನ್ನತ್ತ ಚಾಚಿ, ಉಳಿದದ್ದನ್ನು ತರಗತಿಗೆ ನೀವೇ ವಿವರಿಸಿ ಎಂದರು. ನಾನು ಎದ್ದು ಹೋದೆ.